ಎದುರು ಕುರ್ಚಿ

ಅಣ್ಣ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮುಗಿಸುವ ಹೊತ್ತಿಗೆ ಅಡುಗೆಮನೆಯ ದಾರಿ ಮುಚ್ಚಿಹೋಗಿತ್ತು. ಮಂಡಿಯೂರಿದ್ದವನು ಸೊಂಟ ಹಿಡಿದುಕೊಂಡು ಎದ್ದು, ಎರಡು ಹೆಜ್ಜೆ ಹಿಂದೆ ಸರಿದು, ತಾನೇ ಬರೆದ ಚೌಕವನ್ನು ನೋಡಿದ. ಅದು ನಡುಮನೆಯ ಈ ಗೋಡೆಯಿಂದ ಆ ಗೋಡೆಯವರೆಗೂ ಮಲಗಿತ್ತು.

"ನಿಂತು ಹೊಲಿಯೋ ಮಷಿನ್ ಇಷ್ಟುದ್ದ," ಎಂದ. "ಇದನ್ನ ತಂದ್ರೆ ಆಮೇಲೆ ಊಟ ಕಿಟಕಿಯಿಂದ ಕೊಡ್ಬೇಕಾಗುತ್ತೆ."

"ಅದನ್ನ ಅಳಿಸು. ಕೂತು ಹೊಲಿಯೋದನ್ನ ಬರಿ," ಎಂದಳು ಅವನ ತಂಗಿ.

ಈ ತಂಗಿಗೆ ಬೀದಿಯಲ್ಲೆಲ್ಲ ನಾದಿನಿ ಎಂದೇ ಹೆಸರು. ಅಣ್ಣನ ಹೆಂಡತಿ ಯಾರೋ ಕೇಳಿದಾಗ "ನಮ್ಮ ನಾದಿನಿ" ಎಂದದ್ದು ಹಾಗೆಯೇ ಅಂಟಿಕೊಂಡಿತ್ತು. ಹಾಲು ಹಾಕುವವನಿಗೂ ಅವಳು ನಾದಿನಿ, ಪಕ್ಕದ ಮನೆಯ ಮುದುಕನಿಗೂ ನಾದಿನಿ. ಅಣ್ಣನ ಹೆಂಡತಿಯನ್ನು, ಅದೇ ನ್ಯಾಯದಲ್ಲಿ, ಬೀದಿಯೆಲ್ಲ ಅತ್ತಿಗೆ ಎನ್ನುತ್ತಿತ್ತು.

ಅಣ್ಣ ದುಡಿಯುವ ವಯಸ್ಸನ್ನೆಲ್ಲ ಊರೊಳಗಿನ ಬಸ್ಸು ಓಡಿಸಿ ಕಳೆದವನು. ನಿವೃತ್ತನಾದ ಮೇಲೂ ಯಾವ ವಸ್ತು ಕಂಡರೂ ಅದನ್ನು ಎಲ್ಲಿ ನಿಲ್ಲಿಸುವುದು, ಹೇಗೆ ಹಿಂದಕ್ಕೆ ತೆಗೆಯುವುದು ಎಂದೇ ಯೋಚಿಸುತ್ತಿದ್ದ. ಸಣ್ಣ ಚೌಕವನ್ನು ಅವನು ಕಿಟಕಿಯ ಕೆಳಗೆ, ಗೋಡೆಗೆ ಒತ್ತಿಸಿ ಬರೆದ. ಅದರ ಮುಂದೆ ಒಂದು ಕುರ್ಚಿಯನ್ನೂ ಬರೆದ. ಕುರ್ಚಿಯ ಹಿಂದೆ ಆರಾಮವಾಗಿ ಓಡಾಡುವಷ್ಟು ಜಾಗ ಉಳಿಯಿತು.

"ಗೋಡೆಗೆ ಅಂಟಿಸಿ ನಿಲ್ಸಿದ್ರೆ ಯಾರಿಗೂ ಅಡ್ಡ ಇಲ್ಲ," ಎಂದು ಕೈಯ ಸುಣ್ಣ ಕೊಡವಿಕೊಂಡ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕುರ್ಚಿ ಒಂದೇ ಬರ್ದಿದ್ದೀರಿ," ಎಂದಳು.

"ಕೂರೋದು ಒಬ್ರೇ ಅಲ್ವಾ?"

"ಅದನ್ನೇ ಹೇಳಿದ್ದು."

ಒಳಗೆ ಹೋಗಿ ಬಕೆಟ್ಟು ತಂದಳು. ಹೆಬ್ಬೆರಳು ಕೈಕೊಟ್ಟಿದ್ದರಿಂದ ಒದ್ದೆ ಬಟ್ಟೆಯನ್ನು ಹಿಂಡಲು ಬರುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಒತ್ತಿ ನೀರಿಳಿಸಿ, ಗೋಡೆಯಿಂದ ಗೋಡೆಗೆ ಒರೆಸಿಕೊಂಡು ಬಂದಳು. ದೊಡ್ಡ ಮಷಿನ್, ಸಣ್ಣ ಮಷಿನ್, ಕುರ್ಚಿ ಎಲ್ಲವೂ ಮೊದಲು ಬಿಳಿ ರಾಡಿಯಾದವು, ಆಮೇಲೆ ಏನೂ ಇಲ್ಲವಾದವು. ನೆಲ ಒರೆಸೋ ಹೊತ್ತು ಎಂದಳು, ಯಾರೂ ಕೇಳದಿದ್ದರೂ.

ನಾದಿನಿ ನೆಲ ಆರುವವರೆಗೆ ಕಾದು, ಸೀಮೆಸುಣ್ಣವನ್ನು ಅಣ್ಣನ ಕೈಗೆ ಕೊಟ್ಟಳು. ಮಾರನೆಯ ದಿನ ಅತ್ತಿಗೆ ಮತ್ತೆ ಒರೆಸಿದಳು. ನಾದಿನಿ ಮತ್ತೆ ಬರೆಸಿದಳು.

ಈ ಮನೆಯಲ್ಲಿ ಕೌದಿ ಹೊಲಿಯುತ್ತಿದ್ದವರು ಇಬ್ಬರು. ಜನ ಹಳೆ ಬಟ್ಟೆ ತಂದುಕೊಡುತ್ತಿದ್ದರು: ತೀರಿಕೊಂಡ ತಂದೆಯ ಅಂಗಿಗಳು, ಮಗಳಿಗೆ ಗಿಡ್ಡವಾದ ಫ್ರಾಕುಗಳು, ಬಣ್ಣ ಹೋದ ಪರದೆ. ಅವನ್ನು ಕತ್ತರಿಸಿ, ಜೋಡಿಸಿ, ಹತ್ತಿಯ ಹಾಸು ನಡುವೆ ಇಟ್ಟು, ಹಳೆ ಬಾಗಿಲ ಮರದಿಂದ ಮಾಡಿಸಿದ ಚೌಕಟ್ಟಿಗೆ ಬಿಗಿಯುತ್ತಿದ್ದರು. ಅತ್ತಿಗೆ ಆ ತುದಿಯಿಂದ, ನಾದಿನಿ ಈ ತುದಿಯಿಂದ ಹೊಲಿಯುತ್ತ ಬರುತ್ತಿದ್ದರು. ನಡುವೆ ಎಲ್ಲೋ ಇಬ್ಬರ ಗೆರೆಗಳೂ ಕೂಡಬೇಕು. ಎಷ್ಟೇ ಅಳೆದು ಶುರುಮಾಡಿದರೂ ಅವು ನೆಟ್ಟಗೆ ಬಂದು ಕೂಡಿದ್ದಿಲ್ಲ; ಒಂದು ಗೆರೆ ಇನ್ನೊಂದಕ್ಕಾಗಿ ಒಂಚೂರು ಬಾಗಬೇಕಾಗುತ್ತಿತ್ತು. ಆ ಜಾಗಕ್ಕೆ ಅತ್ತಿಗೆ ಬೀಗರ ಗೆರೆ ಎಂದು ಹೆಸರಿಟ್ಟಿದ್ದಳು. ಎರಡು ಕಡೆಯ ಬೀಗರೂ ಸೆಟೆದು ನಿಂತರೆ ಮದುವೆಯಾಗುವುದಿಲ್ಲ, ಯಾರಾದರೂ ಬಾಗಲೇಬೇಕು ಎಂಬುದು ಅವಳ ವಾದ. ಹೋದ ಸಲ ಬಾಗಿದ್ದು ಯಾರು ಎಂಬುದರ ಮೇಲೆ ಇಬ್ಬರೂ ವಾರಗಟ್ಟಲೆ ಜಗಳವಾಡಬಲ್ಲವರಾಗಿದ್ದರು.

ನಾದಿನಿ ಈ ಮನೆಗೆ ಬಂದದ್ದು ಹೊಂದದ ಮದುವೆಯೊಂದರಿಂದ ಎದ್ದು, ಒಂದು ಟ್ರಂಕು ಹಿಡಿದುಕೊಂಡು. ಅವತ್ತು ಅಣ್ಣ ಕಣ್ಣೊರೆಸಿಕೊಂಡಿದ್ದ. ಅತ್ತಿಗೆ ಒರೆಸಿಕೊಂಡಿರಲಿಲ್ಲ. ಚೌಕಟ್ಟಿನ ಎದುರು ಬದಿಗೆ ಒಂದು ಕುರ್ಚಿ ಎಳೆದು, ದಾರ ಪೋಣಿಸಿದ ಸೂಜಿಯನ್ನು ಮುಂದೆ ಹಿಡಿದು, "ಕೂತು ತಿನ್ನೋದಾದ್ರೆ ಕೂತು ಹೊಲಿ," ಎಂದಿದ್ದಳು. ನಾದಿನಿಗೆ ಮೈಯೆಲ್ಲ ಉರಿದುಹೋಗಿತ್ತು. ಆ ಉರಿಯಲ್ಲೇ ಕೂತು ಹೊಲಿದಳು. ಆಮೇಲೆ ಉರಿ ಆರಿತು, ಕೂರುವುದು ಉಳಿಯಿತು. ನಡುವೆ ಬಟ್ಟೆ ಇದ್ದರೆ ಇಬ್ಬರಿಗೂ ಮಾತು ಬರುತ್ತಿತ್ತು. ಬಟ್ಟೆ ಇಲ್ಲದ ಕಡೆ, ಒಲೆಯ ಹತ್ತಿರವೋ ಬಚ್ಚಲ ಹತ್ತಿರವೋ, ಮಾತು ಅಂದರೆ ಉಪ್ಪು ಜಾಸ್ತಿಯಾಯಿತು, ಬಕೆಟ್ಟು ಖಾಲಿಯಾಯಿತು, ಅಷ್ಟೇ.

ಹೋದ ವರ್ಷದ ಕೊನೆಗೆ ಅತ್ತಿಗೆಯ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಕೀಲು ಸವೆದಿದೆ, ಇನ್ನು ಯಾವುದನ್ನೂ ಚಿವುಟಿ ಹಿಡಿಯಬೇಡಿ ಎಂದರು ಡಾಕ್ಟರು. ಸೂಜಿ ಹಿಡಿಯುವುದೆಂದರೆ ಚಿವುಟಿ ಹಿಡಿಯುವುದೇ. ಕತ್ತರಿಯೂ ಹಾಗೇ. ಆಗ ಚೌಕಟ್ಟಿನ ಮೇಲಿದ್ದ ದೊಡ್ಡ ಮಂಚದ ಕೌದಿ ಅರ್ಧಕ್ಕೇ ನಿಂತಿತು. ನಾದಿನಿ ಒಬ್ಬಳೇ ಹೊಲಿಯಲು ನೋಡಿದಳು. ಎದುರಿನಿಂದ ಗೆರೆ ಬರುತ್ತಿರಲಿಲ್ಲವಾದ್ದರಿಂದ ತಾನು ಎಲ್ಲಿಗೆ ಹೋಗಿ ಮುಟ್ಟಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಇಬ್ಬರ ಕೆಲಸ ಒಬ್ಬಳ ಕೈಯಲ್ಲಿ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯಿತು. ಗಿರಾಕಿಗಳು ಬಟ್ಟೆ ವಾಪಸ್ಸು ಕೇಳಿದರು. ಒಂದು ಬೆಳಗ್ಗೆ ಅತ್ತಿಗೆ ಗಂಡನಿಗೆ ಹೇಳಿ ಚೌಕಟ್ಟು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದಳು. ಊರಾಚೆಯ ಹಾಸಿಗೆ ಕಾರ್ಖಾನೆಯಲ್ಲಿ ನಾದಿನಿಗೆ ಒಂದು ಕೆಲಸ ಇದೆಯೆಂದು ವಿಚಾರಿಸಿಕೊಂಡು ಬಂದವಳೂ ಅವಳೇ. ತಿಂಗಳು ಮುಗಿಯುವುದರೊಳಗೆ ಅಲ್ಲಿಗೆ ಹೂಂ ಅನ್ನಬೇಕಿತ್ತು.

"ಹೋಗೇ," ಎಂದಳು ಅತ್ತಿಗೆ. "ನನ್ನ ಹೆಬ್ಬೆರಳು ಹೋಯ್ತು ಅಂತ ನಿನ್ನದನ್ನೂ ಯಾಕೆ ಮನೇಲಿಟ್ಟು ಕೊಳೆಸ್ತೀಯ?"

ನಾದಿನಿ ಹೂಂ ಅನ್ನಲಿಲ್ಲ. ಅಂಗೈಯಿಂದ ಓಡಿಸುವ ಹೊಲಿಗೆ ಮಷಿನ್ ಇದೆ, ಅದಕ್ಕೆ ಹೆಬ್ಬೆರಳೇ ಬೇಡ ಎಂದು ಅವಳು ಎಲ್ಲೋ ಕೇಳಿಕೊಂಡು ಬಂದಿದ್ದಳು. ಉದ್ದತೋಳಿನ ಮಷಿನ್ ಎನ್ನುತ್ತಿದ್ದರು ಅದಕ್ಕೆ. ಮಾಮೂಲಿ ಮಷಿನ್ನಿನಲ್ಲಿ ಸೂಜಿಗೂ ಮಷಿನ್ನಿನ ಮೈಗೂ ನಡುವೆ ಒಂದು ಗೇಣು ಜಾಗವಿದ್ದರೆ ಇದರಲ್ಲಿ ಒಂದು ಮೊಳದಷ್ಟು. ಇಡೀ ಕೌದಿಯನ್ನು ಸುರುಳಿ ಸುತ್ತಿ ಒಳಗೆ ತೂರಿಸಬಹುದು. ಇಬ್ಬರೂ ಸರದಿಯ ಮೇಲೆ ಹೊಲಿಯೋಣ ಎಂದು ಅವಳು ಹೇಳಿದಾಗ ಅತ್ತಿಗೆ, ಸರದಿ ನಲ್ಲಿ ನೀರಿಗೆ ಎಂದು ಮಾತು ಮುಗಿಸಿದ್ದಳು.

ಮಷಿನ್ ಅಂಗಡಿ ಬೀಗದ ಕೈ ಮಾಡುವವನಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ನಡೆಸುತ್ತಿದ್ದವಳು ದಪ್ಪ ಕನ್ನಡಕದ ಹೆಂಗಸು. ಅವಳೇ ಮಾರುವವಳು, ಅವಳೇ ರಿಪೇರಿಯವಳು. ಸುತ್ತಲಿನವರು ಅವಳನ್ನು ಮಷಿನಮ್ಮ ಎನ್ನುತ್ತಿದ್ದರು. ನಾದಿನಿ ಅಲ್ಲಿಗೆ ಎಷ್ಟು ಸಲ ಹೋದಳೆಂದರೆ, ಕೊನೆಕೊನೆಗೆ ಮಷಿನಮ್ಮ ತಲೆಯೆತ್ತದೆ, ಇವತ್ತಿನ ಪ್ರಶ್ನೆ ಏನು ಎಂದು ಕೇಳುತ್ತಿದ್ದಳು. ಕಂಬಿಯ ಮೇಲೆ ಓಡುವ, ನಿಂತು ಹೊಲಿಯುವ ಮಷಿನ್ ಮೊದಲೇ ಬಿದ್ದುಹೋಯಿತು: ಅದಕ್ಕೆ ಜಾಗವೂ ಇಲ್ಲ, ಅತ್ತಿಗೆಯ ಮಂಡಿಗೆ ನಿಲ್ಲುವ ಶಕ್ತಿಯೂ ಇಲ್ಲ. ಕೂತು ಹೊಲಿಯುವುದರಲ್ಲಿ ಎದುರುಮುಖದ್ದು ನಾದಿನಿಯ ಮನಸ್ಸಿಗೆ ಬಂತು. ಅದರ ತೋಳು ಎದುರಿನಿಂದ ನೇರ ನಮ್ಮ ಎದೆಯ ಕಡೆಗೆ ಚಾಚಿರುತ್ತದೆ. ಸೂಜಿ ಮೂಗಿನ ನೇರಕ್ಕೆ ಬರುತ್ತದೆ, ಎಡವೂ ಬಲವೂ ಒಂದೇ ಸಮ ಕಾಣುತ್ತದೆ. ಎಲ್ಲರೂ ಇದನ್ನೇ ಒಯ್ಯುವುದು ಎಂದಿದ್ದಳು ಮಷಿನಮ್ಮ. ಸದ್ದು, ಎಣ್ಣೆ, ಕರೆಂಟು, ಸೂಜಿ ಎಲ್ಲಿ ಸಿಗುತ್ತದೆ, ಕೆಟ್ಟರೆ ಮನೆಗೆ ಬರುತ್ತೀರಾ ಎಲ್ಲವನ್ನೂ ನಾದಿನಿ ಕೇಳಿ ತಿಳಿದುಕೊಂಡಳು. ಕೊಳ್ಳುವುದಾದರೆ ಇಬ್ಬರ ಉಳಿತಾಯವೂ ಅಲ್ಲಿಗೆ ಸರಿಹೋಗುತ್ತಿತ್ತು, ದಾರಕ್ಕೆ ಕೂಡ ಉಳಿಯುತ್ತಿರಲಿಲ್ಲ. ಅಣ್ಣ ತನ್ನದನ್ನೂ ಸೇರಿಸುತ್ತೇನೆಂದ. ಬೇಡ, ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಎಂದಳು ನಾದಿನಿ. ಕೌದಿ ಹೊಲಿಯೋರು ನೀವು, ಹಾಸಿಗೇನೇ ಉದ್ದ ಮಾಡ್ಕೊಳ್ರೇ ಎಂದ ಅಣ್ಣ.

ಉಳಿದದ್ದು ಒಂದೇ: ಅತ್ತಿಗೆಯನ್ನು ಆ ಅಂಗಡಿಯವರೆಗೆ ಎಳೆದುಕೊಂಡು ಹೋಗುವುದು. ನಾದಿನಿ ಅರ್ಧಕ್ಕೆ ನಿಂತ ಕೌದಿಯನ್ನು ಅಟ್ಟದಿಂದ ಇಳಿಸಿ, ಎರಡು ಹಿಡಿಕೆಯ ದೊಡ್ಡ ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟಳು. ಮಷಿನ್ ಪರೀಕ್ಷೆ ಮಾಡುವುದಾದರೆ ನಮ್ಮ ಬಟ್ಟೆಯ ಮೇಲೇ ಮಾಡಬೇಕು, ಅಂಗಡಿಯ ಕರವಸ್ತ್ರದ ಮೇಲಲ್ಲ ಎಂದಳು. ಚೀಲ ಒಬ್ಬರಿಗೆ ಆಗುವ ಭಾರವಲ್ಲ, ಅಣ್ಣನ ಸೊಂಟ ಸರಿಯಿಲ್ಲ.

"ಇದೆಲ್ಲ ನನಗೆ ಗೊತ್ತಾಗಲ್ಲ ಅನ್ಕೊಂಡ್ಯಾ?" ಎಂದಳು ಅತ್ತಿಗೆ.

"ಗೊತ್ತಾಗಲಿ ಅಂತಾನೇ ಬಾಗಿಲಲ್ಲಿಟ್ಟಿದ್ದು," ಎಂದಳು ನಾದಿನಿ.

ಅತ್ತಿಗೆ ಸ್ವಲ್ಪ ಹೊತ್ತು ಚೀಲವನ್ನು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು. ಹೊತ್ತುಕೊಡುವವರೆಗೆ ಮಾತ್ರ, ಆಮೇಲೆ ನನ್ನನ್ನು ಏನೂ ಕೇಳಕೂಡದು ಎಂದಳು. ಹಿಡಿಕೆಯನ್ನು ಬೆರಳಲ್ಲಿ ಹಿಡಿಯಲಾಗದೆ ಮೊಣಕೈ ಸಂದಿಗೆ ಸಿಕ್ಕಿಸಿಕೊಂಡಳು. ಇಬ್ಬರ ನಡುವೆ ಚೀಲ ಜೋಲಾಡುತ್ತ ಬಸ್ ನಿಲ್ದಾಣದವರೆಗೆ ಹೋಯಿತು. ಒಬ್ಬಳು ಬೇಗ ನಡೆದರೆ ಇನ್ನೊಬ್ಬಳ ಮೊಣಕಾಲಿಗೆ ಬಡಿಯುತ್ತಿತ್ತು.

ಅಂಗಡಿಯಲ್ಲಿ ಮಷಿನ್ ಎಣ್ಣೆಯ ವಾಸನೆ. ಗೋಡೆಯ ಮೊಳೆಗಳಿಗೆ ಬೆಲ್ಟುಗಳು ನೇತಾಡುತ್ತಿದ್ದವು. ಮಷಿನಮ್ಮ ಎದುರುಮುಖದ ಮಷಿನ್ನಿಗೆ ದಾರ ಹಾಕಿ ಸಿದ್ಧವಾಗಿ ಇಟ್ಟಿದ್ದಳು. ಕೌದಿಯನ್ನು ಬಿಡಿಸಿ ನೋಡಿ, ಅಡಿ ಮೇಲು ಮಾಡಿ, ಕೈಯಲ್ಲೇ ಹೊಲಿದದ್ದಾ ಎಂದು ಕೇಳಿದಳು. ಅರ್ಧ ನನ್ನದು, ಅರ್ಧ ಅವರದು ಎಂದಳು ನಾದಿನಿ. ಅತ್ತಿಗೆ ಬೆಲ್ಟುಗಳನ್ನು ನೋಡುತ್ತಿದ್ದಳು.

"ನೀವೂ ಒಂದ್ಸಲ ಕೂತು ನೋಡಿ ಅಮ್ಮ," ಎಂದಳು ಮಷಿನಮ್ಮ.

"ನೋಡೋಕೆ ಕಣ್ಣು ಸಾಕು," ಎಂದಳು ಅತ್ತಿಗೆ. ಅಲ್ಲೇ ಇದ್ದ ಸ್ಟೂಲೊಂದನ್ನು ಕಾಲಿನಿಂದ ತಳ್ಳಿಕೊಂಡು ಹೋಗಿ ಕೂತಳು.

ನಾದಿನಿ ರಬ್ಬರ್ ಚುಕ್ಕೆಯ ಕೈಗವಸು ಹಾಕಿಕೊಂಡು ಮಷಿನ್ನಿನ ಮುಂದೆ ಕೂತಳು. ಇದಕ್ಕೆ ಬಟ್ಟೆ ಎಳೆದುಕೊಳ್ಳುವ ಹಲ್ಲಿಲ್ಲ, ಕಾಲಲ್ಲಿ ಪೆಡಲ್ ಒತ್ತಿ ಬಟ್ಟೆಯನ್ನು ನೀವೇ ಓಡಿಸಬೇಕು ಎಂದು ಮಷಿನಮ್ಮ ಇನ್ನೊಮ್ಮೆ ಹೇಳಿದಳು. ಹಲ್ಲಿಲ್ಲದವರನ್ನೆಲ್ಲ ಕೂರಿಸಿ ನಾವೇ ಉಣ್ಣಿಸಬೇಕು ಅನ್ನಿ ಎಂದಳು ಅತ್ತಿಗೆ, ಎತ್ತಲೋ ನೋಡುತ್ತ. ಸೂಜಿ ಓಡಿತು. ಮೊದಲ ಒಂದು ಗೇಣು ಚೆನ್ನಾಗಿ ಬಂತು. ಆಮೇಲೆ ಕೌದಿಯ ಭಾರ ಮೇಜಿನ ಅಂಚಿನಿಂದ ಕೆಳಗೆ ಜಗ್ಗತೊಡಗಿತು. ನಾದಿನಿ ತನ್ನ ಕಡೆ ಎಳೆದರೆ ಬಟ್ಟೆ ಅತ್ತ ಎಳೆಯುತ್ತಿತ್ತು. ಹೊಲಿಗೆ ಒಮ್ಮೆ ಅಕ್ಕಿಕಾಳಿನಷ್ಟು, ಒಮ್ಮೆ ಸಾಸಿವೆಯಷ್ಟು. ಅವಳ ಭುಜ ಕಿವಿಯವರೆಗೆ ಏರಿತು.

ಭಾರ ಹೊರೋಕೆ ಸುತ್ತಲೂ ಜೋಡಿಸುವ ಮೇಜುಗಳು ಬರುತ್ತವೆ, ಹೊಲಿಗೆಯ ಅಳತೆಯನ್ನು ತಾನೇ ಸರಿಮಾಡುವ ಒಂದು ಪೆಟ್ಟಿಗೆಯೂ ಬರುತ್ತದೆ, ಎರಡೂ ಇದ್ದರೆ ಕಷ್ಟವಿಲ್ಲ ಎಂದಳು ಮಷಿನಮ್ಮ. ಅವೆರಡರ ಬೆಲೆಯನ್ನೂ ಹೇಳಿದಳು. ಅವು ನಾದಿನಿಯ ಹಾಸಿಗೆಯಿಂದ ಬಹಳ ಹೊರಗಿದ್ದವು. ಆದರೂ ಇನ್ನೊಂದು ಗೆರೆ ಹೊಲಿದಳು. ಇನ್ನೊಂದು. ಅಭ್ಯಾಸವಾಗುತ್ತೆ, ಇದನ್ನೇ ಕೊಡಿ ಎನ್ನಲು ಬಾಯಿ ತೆರೆದಿದ್ದಳು.

"ನೀನು ಕಾಣೋದೇ ಇಲ್ವಲ್ಲೇ," ಎಂದಳು ಅತ್ತಿಗೆ.

ದನಿ ಮಷಿನ್ನಿನ ಹಿಂದಿನಿಂದ ಬಂತು. ನಾದಿನಿ ಪಕ್ಕಕ್ಕೆ ವಾಲಿ ನೋಡಿದಳು. ಅತ್ತಿಗೆ ಸ್ಟೂಲನ್ನು ತಳ್ಳಿಕೊಂಡು ಹೋಗಿ ಕೂತಿದ್ದದ್ದು ಬೇರೆಲ್ಲೂ ಅಲ್ಲ, ಸರಿಯಾಗಿ ಎದುರು ಬದಿಯಲ್ಲಿ. ಚೌಕಟ್ಟಿನ ಮುಂದೆ ಅಷ್ಟು ವರ್ಷ ಕೂತ ಜಾಗ. ಕಾಲು ತಾನಾಗಿ ಅಲ್ಲಿಗೆ ಹೋಗಿತ್ತು. ಅವಳ ಮುಖದ ಮುಂದೆ ಮಷಿನ್ನಿನ ಬೆನ್ನು, ಮೋಟಾರಿನ ಡಬ್ಬಿ, ವೈರಿನ ಗಂಟು.

"ಬರೀ ಇದರ ಬೆನ್ನು ನೋಡ್ಕೊಂಡು ಕೂತಿದ್ದೀನಿ," ಎಂದಳು.

ನಾದಿನಿ ಪೆಡಲಿನಿಂದ ಕಾಲು ತೆಗೆದಳು. ಮತ್ತೆ ಮತ್ತೆ ಈ ಅಂಗಡಿಗೆ ಬಂದು ಎಣ್ಣೆಯಿಂದ ಹಿಡಿದು ಕರೆಂಟಿನವರೆಗೆ ಎಲ್ಲವನ್ನೂ ಕೇಳಿದ್ದಳು. ಸೂಜಿಯ ಈಚೆಗೆ ಏನು ಕಾಣುತ್ತದೆ ಎಂದು ಕೇಳಿದ್ದಳು, ಆಚೆಗೆ ಏನಿದೆ ಎಂದು ಕೇಳಿರಲಿಲ್ಲ. ಅವಳು ಕಂಡ ಹೊಲಿಗೆಯಲ್ಲಿ ಆಚೆಗೆ ಯಾವತ್ತೂ ಅತ್ತಿಗೆ ಇರುತ್ತಿದ್ದಳು. ಕೇಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ತನ್ನ ಬಗ್ಗೆಯೇ ಅವಳಿಗೆ ಕೆಟ್ಟ ಸಿಟ್ಟು ಬಂತು.

"ಆಚೆ ಬದಿ ಖಾಲಿ ಇರೋದು ಯಾವ್ದಿದೆ?" ಎಂದು ಕೇಳಿದಳು.

ಮಷಿನಮ್ಮನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾದಿನಿ ಎದ್ದು, ಮಷಿನ್ನಿನ ಬೆನ್ನಿದ್ದ ಕಡೆ ಕೈಯಾಡಿಸಿ, ಇಲ್ಲಿ ಏನೂ ಇರಬಾರದು, ಇಲ್ಲೊಬ್ಬರು ಕೂರಬೇಕು ಎಂದಳು. ಇದು ಒಬ್ಬರ ಮಷಿನ್, ಇಬ್ಬರು ಕೂತು ಹೊಲಿಯುವಂಥ ಮಷಿನ್ ಯಾರೂ ಮಾಡಿಲ್ಲ ಎಂದಳು ಮಷಿನಮ್ಮ. ಮಾಡದಿದ್ದರೆ ಬೇಡ, ಖಾಲಿ ಇರೋದು ಇದೆಯಾ ಎಂದಳು ನಾದಿನಿ. ಮಷಿನಮ್ಮ ಕನ್ನಡಕವನ್ನು ಹಣೆಗೇರಿಸಿ ಅವಳನ್ನೇ ನೋಡಿದಳು. ಆಮೇಲೆ ಮೂಲೆಗೆ ಹೋಗಿ, ಒಂದು ಹಳೆ ಬೆಡ್‌ಶೀಟು ಎಳೆದಳು.

ಯಾರೋ ಬದಲಿಗೆ ಕೊಟ್ಟು ಹೋದ ಹಳೆ ಮಷಿನ್ ಅದು. ಬಣ್ಣ ಅಲ್ಲಲ್ಲಿ ಎದ್ದಿತ್ತು. ತೋಳು ನಾಲ್ಕು ಬೆರಳು ಗಿಡ್ಡ. ಮಾಮೂಲಿ ಮಷಿನ್ನಿನಂತೆ ಅಡ್ಡಲಾಗಿ ಕೂತಿತ್ತು: ಮೈಯೆಲ್ಲ ಬಲಗಡೆ, ತೋಳು ಬಲದಿಂದ ಎಡಕ್ಕೆ. ಮುಂದೂ ಮೇಜು, ಹಿಂದೂ ಮೇಜು. ಇದರಲ್ಲಿ ಬಲಗಡೆ ಸರಿಯಾಗಿ ಕಾಣಲ್ಲ, ಅಳತೆಯ ಪೆಟ್ಟಿಗೆಯನ್ನು ಮುಂದೆ ಬೇಕೆಂದರೂ ಸೇರಿಸೋಕಾಗಲ್ಲ, ಯಾರೂ ಕೇಳಲಿಲ್ಲ ಅಂತ ಮುಚ್ಚಿಟ್ಟಿದ್ದೆ ಎಂದಳು ಮಷಿನಮ್ಮ. ಬೆಲೆ ಎದುರುಮುಖದ್ದಕ್ಕಿಂತ ಬಹಳ ಕಡಿಮೆ. ಮೋಟಾರು ಗಟ್ಟಿ, ಅದಕ್ಕೆ ನಾನು ಜವಾಬ್ದಾರಿ ಎಂದಳು.

ನಾದಿನಿ ಕೂತಳು. ಅತ್ತಿಗೆ ಏಳಲಿಲ್ಲ. ನಾದಿನಿ ಕರೆಯಲೂ ಇಲ್ಲ. ಕೌದಿಯನ್ನು ತೋಳಿನ ಅಡಿಗೆ ತೂರಿಸಿ ಹೊಲಿಯತೊಡಗಿದಳು. ಮೊದಲಿನಂತೆಯೇ ಒಂದು ಗೇಣು ಸರಿಬಂತು, ಆಮೇಲೆ ಭಾರ ಎಳೆಯಿತು. ಆಚೆ ಅಂಚಿನಿಂದ ಕೌದಿಯ ಮೂಲೆ ಜಾರುತ್ತ ಜಾರುತ್ತ ಅಂಗಡಿಯ ಎಣ್ಣೆ ನೆಲದ ಹತ್ತಿರಕ್ಕೆ ಬಂತು. ಅದು ಅತ್ತಿಗೆ ಹೊಲಿದ ಅರ್ಧ. ನಾದಿನಿಗೆ ಅದು ಕಾಣುತ್ತಿತ್ತು. ಅವಳು ನಿಲ್ಲಿಸಲಿಲ್ಲ.

"ನೆಲಕ್ಕೆ ಹೋಗ್ತಿದೆ," ಎಂದಳು ಅತ್ತಿಗೆ.

ನಾದಿನಿ ಹೊಲಿಯುತ್ತಲೇ ಇದ್ದಳು.

"ಕಿವುಡಿ," ಎನ್ನುತ್ತ ಅತ್ತಿಗೆ ಎದ್ದು ಬಂದಳು. ಮುಂಗೈಗಳನ್ನು ಅಡಿಗೆ ಕೊಟ್ಟು ಬಟ್ಟೆಯನ್ನು ಎತ್ತಿ ಮೇಜಿನ ಮೇಲೆ ಹಾಕಿದಳು. ಮತ್ತೆ ಜಾರದಿರಲೆಂದು ಎರಡೂ ಅಂಗೈಗಳನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟಳು. ನಾದಿನಿಯ ಭುಜ ಇಳಿಯಿತು. ಬಟ್ಟೆ ನೀರಿನ ಮೇಲಿನ ಹಾಗೆ ಹಗುರಾಗಿ ಸರಿಯಿತು. ಅಕ್ಕಿಕಾಳು, ಅಕ್ಕಿಕಾಳು, ಅಕ್ಕಿಕಾಳು. ಮಷಿನಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು.

ಅಷ್ಟರಲ್ಲಿ ಗೆರೆ ಎಡಕ್ಕೆ ವಾಲುತ್ತಿದೆ ಎನಿಸಿ ಅತ್ತಿಗೆ ಬಟ್ಟೆಯನ್ನು ತನ್ನ ಕಡೆ ಎಳೆದಳು. ನಾದಿನಿಯೂ ಎಳೆದಳು. ಟಕ್ಕೆಂದು ಸೂಜಿ ಮುರಿದು, ತುಂಡು ಎಲ್ಲೋ ಹಾರಿತು.

ಮಷಿನಮ್ಮ ಬೈಯದೆ ಬಿಡಲಿಲ್ಲ. ಇದಕ್ಕೇ ಹೇಳಿದ್ದು ಒಬ್ಬರ ಮಷಿನ್ ಅಂತ, ಕಣ್ಣಿಗೆ ಬಿದ್ದಿದ್ದರೆ ಏನು ಗತಿ ಎಂದಳು. ಹೊಸ ಸೂಜಿ ಹಾಕುವಾಗಲೂ ಗೊಣಗುತ್ತಿದ್ದಳು. ಅತ್ತಿಗೆ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದಳು. ಅವಳ ಮುಖ ಬಿಗಿದಿತ್ತು.

"ಆಯ್ತಲ್ಲ," ಎಂದಳು ನಾದಿನಿಗೆ. "ದುಡ್ಡು ಹೆಚ್ಚು ಕೊಟ್ಟು ಸುತ್ತಲೂ ಮೇಜು ಹಾಕಿಸ್ಕೋ. ನನ್ನನ್ನ ತಂದು ಮೇಜಿನ ಜಾಗದಲ್ಲಿ ನಿಲ್ಸಬೇಡ."

"ಮೇಜಿಗೆ ಬಾಯಿರಲ್ಲ ಅತ್ತಿಗೆ."

"ನಾನೇನು ನಿನ್ನ ಬಟ್ಟೆ ಹೊರೋಕೆ ಬಂದವಳಾ?"

"ಗೆರೆ ವಾಲಿದ್ದು ಮೊದಲು ಕಂಡಿದ್ದು ಯಾರಿಗೆ?" ಎಂದಳು ನಾದಿನಿ. "ನನಗೆ ಕಾಣ್ಲಿಲ್ಲ. ತೋಳಿನ ಆಚೆ ನನಗೆ ಮರೆ. ಈಚೆ ನಿಮಗೆ ಮರೆ. ನೀವು ನೋಡಿದ್ದನ್ನ ಹೇಳಿ, ನಾನು ಬಾಗ್ತೀನಿ. ನಾನು ಹೇಳಿದ್ರೆ ನೀವು ಬಾಗಿ. ಇಬ್ರೂ ಎಳೆದ್ರೆ ಸೂಜಿ ಮುರಿಯುತ್ತೆ. ಅಷ್ಟೇ ಇರೋದು."

ಬೀದಿಯಲ್ಲಿ ಬೀಗದ ಕೈಯವನ ಅರ ಕಿರುಗುಟ್ಟುತ್ತಿತ್ತು. ನಾದಿನಿ ಎದ್ದು ಹೋಗಿ, ಎದುರುಮುಖದ ಮಷಿನ್ನಿನ ಹಿಂದೆ ಉಳಿದಿದ್ದ ಸ್ಟೂಲನ್ನು ತಂದು ಹಳೆ ಮಷಿನ್ನಿನ ಆಚೆ ಬದಿಗೆ ಇಟ್ಟಳು. ತನ್ನ ಎಡಗೈಯ ಗವಸನ್ನು ತೆಗೆದು ಅದರ ಮುಂದೆ ಮೇಜಿನ ಮೇಲೆ ಹಾಕಿದಳು.

"ಕೂತು ತಿನ್ನೋದಾದ್ರೆ ಕೂತು ಹೊಲಿ," ಎಂದಳು.

ಮಷಿನಮ್ಮ ಸೂಜಿ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿದಳು. ಅತ್ತಿಗೆ ನಾದಿನಿಯ ಮುಖವನ್ನೇ ನೋಡುತ್ತ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ, ಬೆನ್ನು ತಿರುಗಿಸಿ ಬಸ್ ನಿಲ್ದಾಣಕ್ಕೆ ಹೊರಟೇಬಿಡುತ್ತಾಳೆ ಎಂದುಕೊಂಡಳು ನಾದಿನಿ. ಹೊರಟರೆ ಬೆಳಗ್ಗೆ ಎದ್ದು ಕಾರ್ಖಾನೆಗೆ ಹೂಂ ಎನ್ನುವುದು ಬಿಟ್ಟು ತನಗೆ ಬೇರೆ ದಾರಿಯಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅತ್ತಿಗೆ ಸ್ಟೂಲನ್ನು ಒಮ್ಮೆ ನೋಡಿದಳು.

"ಇದು ತಗ್ಗಾಯ್ತು," ಎಂದಳು ಮಷಿನಮ್ಮನಿಗೆ. "ಎತ್ತರದ್ದು ಇಲ್ವಾ?"

ಎತ್ತರದ್ದು ಸಿಗಲಿಲ್ಲ. ಮಷಿನಮ್ಮ ಎರಡು ದಪ್ಪ ಕ್ಯಾಟಲಾಗುಗಳನ್ನು ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಒಂದು ಚೀಲ ಹಾಸಿದಳು. ಅತ್ತಿಗೆ ಕೂತಳು. ಗವಸು ಹಾಕಿಕೊಳ್ಳಲು ಸ್ವಲ್ಪ ಕಷ್ಟಪಟ್ಟಳು. ಯಾರೂ ಸಹಾಯಕ್ಕೆ ಹೋಗಲಿಲ್ಲ. ನಾದಿನಿ ಪೆಡಲ್ ಒತ್ತಿದಳು. ಒಂದು ಮೊಳ ಹೊಲಿಯುವುದರೊಳಗೆ ಮೂರು ಸಲ ನಿಂತರು, ಒಮ್ಮೆ ಜಗಳವಾಡಿದರು. ನೀನು ಓಡ್ತೀಯ ಎಂದಳು ಅತ್ತಿಗೆ. ನೀವು ಮಲಗ್ತೀರಿ ಎಂದಳು ನಾದಿನಿ. ಆಮೇಲೆ ಅತ್ತಿಗೆ ಮಾತಿನ ಬದಲು ಬೆರಳುಗಳನ್ನು ಮೇಲೆತ್ತುವುದನ್ನು ಕಲಿತಳು: ಅವಳ ಬೆರಳು ಎದ್ದರೆ ಬಟ್ಟೆ ನಾದಿನಿಯದು, ಬೆರಳು ಇಳಿದರೆ ಅವಳದು. ಮುಂದಿನ ಸಾಲಿಗೆ ಸೂಜಿ ಮುರಿಯಲಿಲ್ಲ. ಪೆಡಲ್ ಮಾತ್ರ ನನಗೂ ಬೇಕು ಎಂದಳು ಅತ್ತಿಗೆ. ಈ ಕೈಗೆ ಅದರ ಕಾಲಿನ ವೇಗ ಹೊಂದುತ್ತಿಲ್ಲ, ಅದು ಹುಟ್ಟಿದಾಗಿನಿಂದ ಅವಸರದ್ದು ಎಂದಳು. ಅದು ಎಂದರೆ ನಾದಿನಿ. ನಾದಿನಿ ಮೇಜಿನ ಅಡಿಯಲ್ಲಿ ಪೆಡಲನ್ನು ಕಾಲಿನಿಂದಲೇ ಆಚೆಗೆ ತಳ್ಳಿದಳು. ವೈರು ಸಾಕಷ್ಟು ಉದ್ದವಿತ್ತು.

ಹೊಲಿದದ್ದನ್ನು ಮಷಿನಮ್ಮ ಬೆಳಕಿಗೆ ಹಿಡಿದು ನೋಡಿದಳು. ಹೇಳಿಕೊಳ್ಳುವಂಥ ಹೊಲಿಗೆಯೇನಲ್ಲ ಎಂದಳು. ಮೊದಲ ಸಲಕ್ಕೆ ಕೆಟ್ಟದ್ದೂ ಅಲ್ಲ ಎಂದಳು. ಒಂದು ಕಡೆ ಗೆರೆ ಸೊಟ್ಟಗಾಗಿದ್ದನ್ನು ಉಗುರಿನಿಂದ ತೋರಿಸಿ, ಇಲ್ಲಿ ಏನಾಯ್ತು ಎಂದು ಕೇಳಿದಳು.

"ಬೀಗರು ಬಂದ್ರು," ಎಂದಳು ಅತ್ತಿಗೆ.

ಮಷಿನಮ್ಮ ಅರ್ಥವಾಗದೆ ನಾದಿನಿಯ ಕಡೆ ತಿರುಗಿದಳು. ನಾದಿನಿ ಬಿಲ್ಲು ಬರೆಯಿರಿ, ಮಷಿನ್ ಮನೆಗೆ ಕಳಿಸಿ ಎಂದಳು. ಇಬ್ಬರು ಕೂತು ಸೂಜಿ ಮುರಿದುಕೊಂಡರೆ ನಾನು ಹೊಣೆಯಲ್ಲ ಎಂದು ಮಷಿನಮ್ಮ ಎರಡೆರಡು ಸಲ ಹೇಳಿದಳು. ಆಮೇಲೆ ಒಂದು ಡಬ್ಬಿ ಸೂಜಿಯನ್ನು, ಅದಕ್ಕೆ ಏನೂ ಹಿಡಿಯದೆ, ಚೀಲದೊಳಗೆ ಹಾಕಿದಳು.

ಬಸ್ಸಿನಲ್ಲಿ ಅತ್ತಿಗೆ ಕಾರ್ಖಾನೆಯ ಮಾತೆತ್ತಲಿಲ್ಲ. ನೀನು ಬೇಕಂತಲೇ ನನ್ನ ಕಡೆಯನ್ನ ನೆಲಕ್ಕೆ ಬಿಟ್ಟೆ ಎಂದಳು. ಹೌದು ಎಂದಳು ನಾದಿನಿ. ಎಣ್ಣೆ ಹತ್ತಿದ್ದರೆ ನೀನೇ ಒಗೀಬೇಕಿತ್ತು ಎಂದಳು ಅತ್ತಿಗೆ. ಒಗೀತಿದ್ದೆ ಎಂದಳು ನಾದಿನಿ.

ಮನೆಯಲ್ಲಿ ಅಣ್ಣ ಬೆಳಗ್ಗೆಯೇ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿಸಿ ಚೌಕ ಬರೆದು ಕಾದಿದ್ದ. ನಾದಿನಿ ಹೊಸ ಅಳತೆ ಹೇಳಿ, ಗೋಡೆ ಬಿಟ್ಟು ಈಚೆಗೆ ಬರಿ ಎಂದಳು. ಈಚೆಗೆ ಬಂದರೆ ಅಡುಗೆಮನೆಗೆ ದಾರಿ ಎಲ್ಲಿ ಉಳಿಯುತ್ತೆ, ಗೋಡೆಯ ಕಡೆ ಏನಿದೆ ಅಂತ ಅಷ್ಟು ಜಾಗ ಹಾಳು ಮಾಡ್ತೀರಿ ಎಂದು ಅಣ್ಣ ವಾದಕ್ಕೆ ನಿಂತ. ಬಸ್ಸಾಗಿದ್ದರೆ ಇಂಥ ಕಡೆ ನಿಲ್ಲಿಸಿದ್ದಕ್ಕೆ ದಂಡ ಹಾಕುತ್ತಿದ್ದರು ಎಂದ.

"ಎಷ್ಟು ಈಚೆಗೆ?" ಎಂದು ಕೊನೆಗೆ ಕೇಳಿದ.

ಅತ್ತಿಗೆ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದುಕೊಂಡು ಹೋಗಿ, ಬೆನ್ನು ಗೋಡೆಗೆ ತಾಗುವಂತೆ ಇಟ್ಟು, ಅದರ ಮೇಲೆ ಕೂತಳು. ಮಂಡಿಗಳನ್ನು ಮುಂದಕ್ಕೆ ಚಾಚಿದಳು.

"ಇಷ್ಟು," ಎಂದಳು.

ಅಣ್ಣ ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ. ಬಗ್ಗಿ, ಹೆಂಡತಿಯ ಮಂಡಿಯ ನೇರಕ್ಕೆ ಗೆರೆ ಎಳೆದ.

ಮಾರನೆಯ ಬೆಳಗ್ಗೆ ಅವನು ಟೀ ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ಬರುವಾಗ, ಸುಣ್ಣದ ಗೆರೆಗೂ ಎದುರು ಗೋಡೆಗೂ ನಡುವಿನ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದು ಬಂದ. ಅತ್ತಿಗೆ ನೆಲ ಒರೆಸುತ್ತಿದ್ದಳು. ಬಟ್ಟೆ ಗೋಡೆಯಿಂದ ಶುರುವಾಗಿ, ಕುರ್ಚಿಯ ಕಾಲುಗಳನ್ನು ಬಳಸಿ, ಚೌಕದ ಗೆರೆಯವರೆಗೆ ಬಂದು ನಿಂತಿತು. ಅವಳು ಅದನ್ನು ಬಕೆಟ್ಟಿನಲ್ಲಿ ಅದ್ದಿದಳು, ಎರಡು ಅಂಗೈಗಳ ನಡುವೆ ಒತ್ತಿ ನೀರಿಳಿಸಿದಳು. ಎದ್ದು ಚೌಕವನ್ನು ಸುತ್ತಿಕೊಂಡು ಹೋಗಿ, ಆಚೆ ಬದಿಯ ಗೆರೆಯಿಂದ ಮತ್ತೆ ಒರೆಸತೊಡಗಿದಳು.